ಅಕ್ಕಪಕ್ಕಕ್ಕೆ ಬಾಧಕವಿಲ್ಲ

ಮಾರ್ಚ್ 18, 2025, ಮಂಗಳವಾರ

ಚಪ್ಪಲಿ ಹೋಯಿತು. ಎಡಗಾಲಿನದು ಕೊಡ್ಲಕೇರಿಯ ಕೆಸರಿನಲ್ಲೇ ಉಳಿಯಿತು. ಬಲಗಾಲಿನದೊಂದನ್ನೇ ಇಟ್ಟುಕೊಂಡು ಏನು ಮಾಡಲಿ ಎಂದು ಅದನ್ನೂ ಅಲ್ಲೇ ಎಸೆದು ಬಂದೆ. ಕಾರವಾರದಲ್ಲಿ ಕೊಂಡು ತಿಂಗಳೂ ಆಗಿರಲಿಲ್ಲ.

ಮಂಗೇಶ ಎಂಬವರ ಎನ್.ಎ. ಅರ್ಜಿ, ಕೃಷಿಯೇತರ ಬಳಕೆಗೆ. ಮಂಜಗುಣಿಯ ಕಡೆ ಸೇತುವೆ ಆದ ಮೇಲೆ ಗೋಕರ್ಣಕ್ಕೆ ಹೋಗುವ ಕಾರುಗಳು ಅವರ ಗದ್ದೆಯ ಬದಿಯಲ್ಲೇ ಹಾಯುತ್ತವೆ. ಅಲ್ಲಿ ಹೋಟೆಲು, ಹಿಂದೆ ಮದುವೆ ಹಾಲ್, ಮುಂದೆ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. ಪಹಣಿಯಲ್ಲಿ ಕೃಷಿ ಜಮೀನು ಎಂದಿರುವುದರಿಂದ ವಾಣಿಜ್ಯಕ್ಕೆ ಪರಿವರ್ತನೆ ಆಗಬೇಕು. ಅದಕ್ಕೆ ಮೊದಲು ಗ್ರಾಮ ಆಡಳಿತಾಧಿಕಾರಿ ಹೋಗಿ ನೋಡಿ ವರದಿ ಕೊಡಬೇಕು. ಅಂದರೆ ನಾನು. ಹಳಬರ ಬಾಯಲ್ಲಿ ಇನ್ನೂ ‘ತಲಾಟಿ ಬಾಯಿ’.

ಬಸ್ಸು ಇರಲಿಲ್ಲ, ಮಂಗೇಶ ಅವರೇ ಕಾರು ತಂದರು. ಒಳ್ಳೆಯ ಮನುಷ್ಯ. ದಾರಿಯಲ್ಲಿ ಎಳನೀರು ಕುಡಿಸಿದರು. ಗದ್ದೆ ಎಂಬುದು ಬರೀ ಹೆಸರಿಗೆ. ಅವರದಷ್ಟೇ ಅಲ್ಲ, ಸುತ್ತಲಿನದೆಲ್ಲ ಮೊಣಕಾಲುದ್ದ ಉಪ್ಪುನೀರು, ಅಲ್ಲಲ್ಲಿ ಬೆಳ್ಳಕ್ಕಿ. ಬಿಸಿಲೆಂದು ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು ನಿಂತು ಫೋಟೋ ತೆಗೆದೆ. ಯಾರೋ ಹೆಂಗಸೊಬ್ಬಳು ಸೊಂಟಕ್ಕೆ ಬುಟ್ಟಿ ಕಟ್ಟಿ ಬಲೆ ಎಳೆಯುತ್ತಿದ್ದಳು. "ಎಂತಕ್ಕೆ ಪಟ ತೆಗೀತ್ರಿ?" ಎಂದು ಕೂಗಿದಳು. ಸರ್ಕಾರಿ ಕೆಲಸ ಎಂದೆ.

"ವರ್ಷದಾಗೆ ಆರು ತಿಂಗಳು ಹಿಂಗೇ ನೀರು ನೋಡಿ ಮೇಡಂ," ಎಂದರು ಮಂಗೇಶ.

ಅಂಕೋಲೆಯ ಕಚೇರಿಗೆ ಬಂದು ಇಪ್ಪತ್ತು ನಿಮಿಷದಲ್ಲಿ ವರದಿ ಮುಗಿಸಿದೆ. ಸದರಿ ಜಮೀನಿನಲ್ಲಿ ಯಾವುದೇ ಬೆಳೆ ಇರುವುದಿಲ್ಲ. ಉಪ್ಪುನೀರು ನಿಂತಿದ್ದು ಸಾಗುವಳಿಗೆ ಯೋಗ್ಯವಿರುವುದಿಲ್ಲ. ಪರಿವರ್ತನೆಯಿಂದ ಅಕ್ಕಪಕ್ಕದ ಜಮೀನುಗಳಿಗೆ ಬಾಧಕವಿರುವುದಿಲ್ಲ. ಈ ತಿಂಗಳು ನನ್ನ ಮೇಜಿನಿಂದ ಹದಿನಾಲ್ಕು ಫೈಲು ಹೊರಬಿದ್ದವು. ಸರ್ಕಲ್ ಸಾಹೇಬರು, ಅಂದರೆ ನಮ್ಮ ಕಂದಾಯ ನಿರೀಕ್ಷಕರು, ಎಲ್ಲರೆದುರು ಹೊಗಳಿದರು. ಹೀಗೇ ನಡೆದರೆ ಕಾರವಾರಕ್ಕೆ ವರ್ಗ ಕೇಳಲು ನನಗೂ ಒಂದು ಬಾಯಿ ಇರುತ್ತದೆ. ಅಲ್ಲಿನ ಹಬ್ಬುವಾಡದಲ್ಲಿ ಅಪ್ಪ ಅಮ್ಮ ಇರುವ ಮನೆಯಿಂದಲೇ ಕೆಲಸಕ್ಕೆ ಹೋಗಿ ಬರಬಹುದು.

ಜುಲೈ 10, ಗುರುವಾರ

ನಾಲ್ಕು ತಿಂಗಳ ಮೇಲೆ ಈ ಪುಸ್ತಕ ತೆಗೆದಿದ್ದೇನೆ.

ಕೊಡ್ಲಕೇರಿಯಲ್ಲಿ ನಾಗಿ ಎಂಬವರ ಕೊಟ್ಟಿಗೆಯ ಗೋಡೆ ಮಳೆಗೆ ಬಿದ್ದಿದೆ ಎಂದು ಅರ್ಜಿ ಬಂದಿತ್ತು. ಹಾನಿ ನೋಡಲು ಹೋದೆ. ಅರವತ್ತು ದಾಟಿದ ಹೆಂಗಸು. ಗಂಡ ಇಲ್ಲ, ತಮ್ಮ ಬೊಮ್ಮು ಪಕ್ಕದ ಮನೆಯಲ್ಲಿ, ಸೊಸೆ ಕಾಮಿ ಜೊತೆಗೆ. "ಬಾ ತಂಗೀ, ಜಾರ್ತದೆ, ನೋಡ್ಕಂಡು ಬಾ," ಎಂದು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಬಿದ್ದ ಗೋಡೆಯ ಆಚೆ ನೋಡಿದೆ.

ಹಸಿರು. ಮಾರ್ಚಿನಲ್ಲಿ ನೀರಿದ್ದಲ್ಲೆಲ್ಲ ಭತ್ತ. ಗಾಳಿಗೆ ಇಡೀ ಬಯಲು ಒಮ್ಮೆಲೇ ಮಲಗಿ ಏಳುತ್ತಿತ್ತು.

"ಇದು ಯಾವ ಜಾಗ?" ಎಂದೆ. ಗೊತ್ತಿದ್ದೂ ಕೇಳಿದೆ. ಬೇರೆ ಯಾವುದಾದರೂ ಹೆಸರು ಹೇಳಲಿ ಎಂದು ಕೇಳಿದೆ.

"ನಮ್ಮ ಗಜನಿ ಗದ್ದಿ ಅಲ್ವಾ. ಕಗ್ಗ ಭತ್ತ ಅದು. ಉಪ್ಪಿಗೂ ಹೆದ್ರೂದಿಲ್ಲ, ನೆರೆಗೂ ಹೆದ್ರೂದಿಲ್ಲ. ಬೇಸಿಗೀಲಿ ಹೊಳಿ ನೀರು ಒಳಗೆ ಬಿಡ್ತೇವು, ಮೀನು, ಸೀಗಡಿ ಶೆಟ್ಲಿ ಎಲ್ಲಾ ಆತದೆ. ಮಳಿ ಬರೂ ಮುಂಚೆ ತೂಬಿಗೆ ಹಲಗೆ ಹಾಕ್ತೇವು. ಮಳಿ ನೀರು ಉಪ್ಪು ತೊಳ್ದು ಹಾಕ್ತದೆ, ಆಮೇಲೆ ಮೊಳಕೆ ಬೀಜ ಬೀರೂದು. ನನ್ನ ಅಜ್ಜನ ಕಾಲದಿಂದ್ಲೂ ಹಿಂಗೇ. ನಿಮ್ಮ ಕಾರವಾರದ ಬದಿಗಿಲ್ಲಾ?"

ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆರು ತಿಂಗಳು ನೀರು ಎಂದಿದ್ದರು ಮಂಗೇಶ. ಅದು ಸುಳ್ಳಲ್ಲ. ಉಳಿದ ಆರು ತಿಂಗಳು ಏನು ಎಂದು ನಾನು ಕೇಳಲಿಲ್ಲ.

ರಸ್ತೆಯ ಬದಿಗೆ ಆ ಹಸಿರನ್ನು ಕಡಿದ ಹಾಗೆ ಕೆಂಪು ಮಣ್ಣಿನ ರಾಶಿ. ಒಂದು ಟಿಪ್ಪರ್ ಹಿಂದೆ ಸರಿಯುತ್ತ ಕೂಗುತ್ತಿತ್ತು.

"ಮಂಗೇಶ ಮಣ್ಣು ಹಾಕೂಕೆ ಹಿಡ್ದ. ಸರ್ಕಾರದ ಆರ್ಡರ್ ಅದೆ ಅಂತ. ಅವ್ನ ಜಾಗ, ಅವ್ನ ಇಷ್ಟ ಅನ್ನು. ಆದ್ರೆ ಎಲ್ಲಾರ ಗದ್ದಿ ನೀರು ಹೋಗೂದು ಆ ತಗ್ಗಿಂದ್ಲೇ. ಅದ್ನ ಮುಚ್ಚಿದ್ರೆ ಈ ಹನ್ನೊಂದು ಮನೆ ನೀರು ಎಲ್ಲಿ ಹೋಗೂದು? ಯಾರೋ ಬಂದು ನೋಡಿ ಬರ್ಕಂಡು ಹೋದ್ರಂತೆ. ಅವ್ರಿಗೆ ಕಣ್ಣಿತ್ತೋ ಇಲ್ವೋ."

ಕೊಟ್ಟಿಗೆಯ ಗೋಡೆಯನ್ನು ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ಕಾಮಿ ಕೊಟ್ಟ ಚಹಾ ಕುಡಿಯದೆ ಎದ್ದೆ.

ಜುಲೈ 11, ಶುಕ್ರವಾರ

ಫೈಲು ತೆಗೆಸಿ ನೋಡಿದೆ. ಮೇ ತಿಂಗಳಲ್ಲೇ ಆದೇಶ ಆಗಿದೆ. ಎರಡನೇ ಪುಟದಲ್ಲಿ ನನ್ನ ವಾಕ್ಯಗಳು ಒಂದಕ್ಷರ ಬದಲಾಗದೆ ಕೂತಿವೆ. ನಾನು ಬರೆಯುವಾಗ ಅವು ಬರೀ ವರದಿಯಾಗಿದ್ದವು. ಈಗ ಆದೇಶ. ಕೊನೆಯ ವಾಕ್ಯವನ್ನು ನಾನು ಯೋಚಿಸಿ ಬರೆದದ್ದೂ ಅಲ್ಲ, ಹಳೆಯ ವರದಿಯೊಂದರಿಂದ ಎತ್ತಿ ಅಂಟಿಸಿದ್ದು. ಎಲ್ಲರೂ ಹಾಗೇ ಮಾಡುತ್ತಾರೆ.

ಸರ್ಕಲ್ ಸಾಹೇಬರಿಗೆ ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀ ಹೋದ ದಿನ ನೀರಿತ್ತೋ ಇಲ್ಲೋ?"

"ಇತ್ತು ಸರ್."

"ಬೆಳೆ ಇತ್ತಾ?"

"ಇರಲಿಲ್ಲ."

"ಮತ್ತೆ? ಕಂಡದ್ದು ಬರ್ದಿದ್ದೀ. ಮನೆಗೆ ಹೋಗಿ ಊಟ ಮಾಡಿ ಮಲ್ಕೋ."

ಊಟ ಮಾಡಲಿಲ್ಲ.

ಜುಲೈ 20, ಭಾನುವಾರ. ಹಬ್ಬುವಾಡ

ಪಪ್ಪಾನ ಹತ್ತಿರ ಇಷ್ಟು ವರ್ಷ ಕೇಳದ ಒಂದು ಮಾತು ಇವತ್ತು ಕೇಳಿದೆ. ನಮ್ಮದು ಮೂಲ ಚೆಂಡಿಯಾ. ನೌಕಾನೆಲೆಗೆ ಜಾಗ ಹೋದಾಗ ಪಪ್ಪಾನಿಗೆ ಇಪ್ಪತ್ತೈದು. ಆಮೇಲೆ ನೌಕರಿ, ಈ ಹಬ್ಬುವಾಡದ ಮನೆ. ಹೋದದ್ದು ದೇಶದ ಕೆಲಸಕ್ಕೆ ಎಂದು ಅವನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ನಾನೂ ಬೆಳೆಸುತ್ತಿರಲಿಲ್ಲ. ಬಂಗುಡೆ ಸಾರಿನ ಊಟ ಮಾಡುತ್ತಿದ್ದಾಗ ಕೇಳಿದೆ: "ಪಪ್ಪಾ, ನಮ್ಮ ಜಾಗ ನೋಡಿ ಬರೆಯಲಿಕ್ಕೆ ಯಾರು ಬಂದಿದ್ದರು?"

ಪಪ್ಪಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

"ತೆಳ್ಳಗಿದ್ದ. ಬಿಳಿ ಅಂಗಿ, ಕಿಸೆಯಲ್ಲಿ ಮಸಿ ಸೋರಿ ನೀಲಿ ಕಲೆ. ಎಡಗೈಯಲ್ಲಿ ಬರೆಯುತ್ತಿದ್ದ. ಹಿತ್ತಲಿನ ನಾಲ್ಕು ಹಲಸಿನ ಮರ ನೋಡಿ ‘ಕಾಡುಮರ’ ಎಂದು ಬರೆದ. ನನ್ನ ಅಪ್ಪ ನೆಟ್ಟ ಮರ ಅವು ಮಗಳೇ. ಅಪ್ಪ ಅವನ ಹಿಂದೆಯೇ ಗದ್ದೆಯ ಕೊನೆಯವರೆಗೆ ನಡೆದು ಹೋದ, ಹೇಳುತ್ತಲೇ ಹೋದ. ಅವನು ತಿರುಗಿ ನೋಡಲಿಲ್ಲ."

ನಾನು ಹುಟ್ಟುವ ಮೊದಲಿನ ಮಾತು. ಅಂಗಿಯ ಕಲೆ ಕೂಡ ನೆನಪಿದೆ!

"ಕೆಟ್ಟವನಾಗಿದ್ದನಾ?"

"ಇಲ್ಲಪ್ಪ. ಅವಸರದಲ್ಲಿದ್ದ."

ಆಯಿ ಅನ್ನ ಬಡಿಸಲು ಬಂದವಳು ನನ್ನ ಮುಖ ನೋಡಿ ಹಣೆ ಮುಟ್ಟಿದಳು. ಜ್ವರ ಇಲ್ಲ ಎಂದೆ. ಕೊಡ್ಲಕೇರಿಯ ವಿಷಯ ಹೇಳಬೇಕೆಂದೇ ಬಂದಿದ್ದೆ. ಆಗಲಿಲ್ಲ.

ಆಗಸ್ಟ್ 4, ಸೋಮವಾರ

ಹದಿಮೂರು ದಿನದಿಂದ ಮಳೆ ಬಿಟ್ಟಿಲ್ಲ. ಇವತ್ತು ಕೊಡ್ಲಕೇರಿಯ ಹನ್ನೊಂದು ಮನೆಯವರೂ ಕಚೇರಿಗೆ ಬಂದರು. ಕೊಡೆಗಳನ್ನು ಬಾಗಿಲ ಹೊರಗೆ ರಾಶಿ ಹಾಕಿ, ಕಂಬಳಿ ಹಿಂಡಿ, ಒಳಗೆ ಬಂದು ಗೋಡೆಗೆ ಅಂಟಿ ನಿಂತರು. ನೆಲವೆಲ್ಲ ನೀರಾಯಿತು.

ಮಂಗೇಶ ಅವರ ಮಣ್ಣಿನಿಂದ ನೀರು ತೂಬಿನವರೆಗೆ ಹೋಗುತ್ತಲೇ ಇಲ್ಲ. ಸಮುದ್ರದ ಇಳಿತಕ್ಕೆ ಹೊಳೆ ಇಳಿದಾಗ ಹಲಗೆ ಎತ್ತಿದರೂ ಗದ್ದೆಯ ನೀರು ಅಲ್ಲಾಡುವುದಿಲ್ಲ.

ಬೊಮ್ಮು ಮಾತಾಡಿದರು. "ಎಂಟು ದಿನ ಮುಳುಗಿದ್ರೂ ಕಗ್ಗ ಮತ್ತೆ ತಲೆ ಎತ್ತುತದೆ ಸಾರ್. ನಾವೂ ಕಂಡವ್ರೇ. ಇವತ್ತಿಗೆ ಹನ್ನೆರ್ಡು ದಿನ. ಕಾಲಿಟ್ರೆ ನಾತ ಬತ್ತದೆ."

ಸರ್ಕಲ್ ಸಾಹೇಬರು ಮನವಿ ತಗೊಂಡು, ಮೇಲೆ ಕಳಿಸುತ್ತೇವೆ ಎಂದರು.

"ಅದು ಆಗ್ಲಿ. ಅಕ್ಕಪಕ್ಕಕ್ಕೆ ಎಂತದೂ ತೊಂದ್ರೆ ಇಲ್ಲ ಅಂತ ಬರ್ದೋರು ಯಾರು? ಅಷ್ಟು ಹೇಳಿ ಸಾಕು. ಅವ್ರನ್ನ ಕರ್ಕಂಡು ಹೋಗಿ ಆ ನೀರಿನಾಗೆ ಒಂದ್ ಗಳಿಗೆ ನಿಲ್ಸ್ತೇವು. ಬಡಿಯೂದಿಲ್ಲ, ಬೈಯೂದಿಲ್ಲ."

ಸಾಹೇಬರು ಮನವಿಯನ್ನೇ ಓದುತ್ತಿದ್ದರು. ನಾನು ಕಂಪ್ಯೂಟರಿನ ಪರದೆ ನೋಡುತ್ತಿದ್ದೆ. ಪರದೆ ಆರಿತ್ತು.

ಆಗ ನಾಗಕ್ಕ ನನ್ನ ಕಡೆ ಕೈ ಮಾಡಿ, "ಈ ತಂಗಿಗೆ ಕೇಳಿ ನೋಡು ಬೊಮ್ಮು, ಒಳ್ಳೇ ಹುಡ್ಗಿ. ನನ್ನ ಗೋಡೆ ನೋಡೂಕೆ ಮಳೀಲಿ ಬಂದಿತ್ತು," ಎಂದರು.

ಒಳ್ಳೇ ಹುಡುಗಿ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಬೆಚ್ಚುತ್ತಿರಲಿಲ್ಲ.

ಆಗಸ್ಟ್ 6, ಬುಧವಾರ

ಹೇಳಿದೆ.

ಮಧ್ಯಾಹ್ನ ರಜೆ ಹಾಕಿ ಹೋದೆ. ನಾಗಕ್ಕ ಜಗಲಿಯಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು. ಚಾಪೆ ಸರಿಸಿ ಜಾಗ ಕೊಟ್ಟರು. ನಾನು ಕೂರಲಿಲ್ಲ. ಬಸ್ಸಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದಾಗ ಒಂದೂ ನೆನಪಾಗಲಿಲ್ಲ.

"ಬರೆದವಳು ನಾನು ನಾಗಕ್ಕ. ಮಾರ್ಚಿನಲ್ಲಿ ಬಂದಿದ್ದೆ. ಬರೀ ನೀರು ಕಂಡಿತು. ಬರೆದೆ."

ಸೂಜಿ ನಿಂತಿತು. ನನ್ನನ್ನು ನೋಡಿದರು, ಗುರುತು ಹಿಡಿಯಲು ನೋಡುವ ಹಾಗೆ.

"ಮೊಖಕ್ಕೆ ಬಟ್ಟಿ ಸುತ್ಕಂಡದ್ದು ನೀನಾ?"

"ಹೌದು."

"ಬಲೆ ಎಳೀತಾ ಇದ್ದದ್ದು ನಾನು."

ಮೆಟ್ಟಿಲ ಮೇಲೆ ಕೂತೆ. ಆ ಹೆಂಗಸಿನ ಮುಖ ನಾನು ನೋಡಿಯೇ ಇರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಬುಟ್ಟಿ ಮಾತ್ರ ಬರುತ್ತದೆ.

"ಪಟ ಎಂತಕ್ಕೆ ಅಂತ ಕೇಳ್ದೆ. ಸರ್ಕಾರಿ ಕೆಲ್ಸ ಅಂದಿ. ಹತ್ತು ಮಾರು ದೂರ ಇದ್ದೆ ತಂಗಿ ನಾನು. ಹತ್ತು ಮಾರು. ಇದೆಂತಾ ಗದ್ದಿ ಅಂತ ಒಂದ್ ಮಾತು ಕೇಳಿದ್ರೆ ಹೇಳೂದಿಲ್ಲಾಗಿತ್ತಾ?"

ಬೈಯಲಿಲ್ಲ. ಬಲೆಯನ್ನು ಮಡಚಿ, ಎದ್ದು ಒಳಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಮಳೆ ಬಂತು, ಬಿಟ್ಟಿತು, ಮತ್ತೆ ಬಂತು. ಕೊನೆಗೆ ಕಾಮಿ ಹೊರಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದಳು: "ನಾಲ್ಕು ಗಂಟಿ ಬಸ್ಸು ಅದೆ. ಹೋಗ್ರಿ ಈಗ."

ಆಗಸ್ಟ್ 12, ಮಂಗಳವಾರ

ಎರಡನೇ ವರದಿ ಕೊಟ್ಟೆ. ಮೊದಲ ವರದಿಯನ್ನು ಸ್ಥಳೀಯರನ್ನು ವಿಚಾರಿಸದೆ ಬರೆದದ್ದು, ಅದು ತಪ್ಪು, ಅದರ ಮೇಲೆ ಆದ ಆದೇಶವನ್ನು ಮರುಪರಿಶೀಲಿಸಬೇಕು ಎಂದು. ಒಂದು ಪುಟವೂ ಆಗಲಿಲ್ಲ. ನಾಲ್ಕು ದಿನ ಹಿಡಿಯಿತು.

ಸರ್ಕಲ್ ಸಾಹೇಬರು ಓದಿ ಎದ್ದು ಬಾಗಿಲು ಹಾಕಿದರು. "ನಿಶಾ, ನಿನ್ನ ವರದಿಗೆ ನೀನೇ ವಿರುದ್ಧ ಬರೆದ್ರೆ ಜನ ಎಂತ ಹೇಳ್ತಾರೆ ಗೊತ್ತದೆಯಾ? ಆವಾಗ ಯಾರಿಂದಲೋ ತಿಂದಿದ್ದಳು, ಇಲ್ಲಾ ಈಗ ಯಾರಿಂದಲೋ ತಿಂದಳು. ಎರಡರಲ್ಲಿ ಒಂದು. ಮೂರನೇದು ಯಾರಿಗೂ ಹೊಳೆಯೂದಿಲ್ಲ."

"ಅಂದರೂ ಕಳಿಸಿ ಸರ್."

ಕಳಿಸಿದರು. ಅದಕ್ಕೆ ಅವರಿಗೆ ಕೈ ಮುಗಿಯಬೇಕು.

ಸಂಜೆ ಬಸ್ ನಿಲ್ದಾಣದಲ್ಲಿ ಮಂಗೇಶ ಸಿಕ್ಕರು. ನನ್ನನ್ನು ಹುಡುಕಿಯೇ ಬಂದಿದ್ದರು. ಸುದ್ದಿ ಅಷ್ಟು ಬೇಗ ಹೇಗೆ ತಲುಪಿತೋ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

"ನಾ ನಿಮ್ಗೆ ಸುಳ್ಳು ಹೇಳಿದ್ನಾ ಮೇಡಂ?"

"ಇಲ್ಲ."

"ಏನಾದ್ರೂ ಕೊಡ್ಲಿಕ್ಕೆ ಬಂದಿದ್ನಾ?"

"ಇಲ್ಲ."

"ನಿಮ್ಮ ಸಹಿ ನೋಡಿ ಮಣ್ಣು ಹಾಕ್ಸಿದೆ. ನನ್ನ ಮಗ ನಿತಿನ ಗೋವಾದಾಗೆ ದೊಡ್ಡ ಹೋಟೆಲಿನ ಕೆಲ್ಸ ಬಿಟ್ಟು ಬಂದ, ಇದನ್ನ ನಡ್ಸೂಕೆ. ಹೆಂಡ್ತಿ ಮಕ್ಕಳನ್ನೂ ಕರ್ಕಂಡು ಬಂದಾಗ್ಯದೆ. ಅವ್ನಿಗೆ ನಾ ಈಗ ಎಂತ ಹೇಳ್ಲಿ? ತಲಾಟಿ ಬಾಯಿಗೆ ಆವಾಗ ಕಂಡಿಲ್ಲಾಗಿತ್ತು, ಈಗ ಕಂಡದೆ ಅಂತ ಹೇಳ್ಲಾ?"

ಕೆಟ್ಟವರೊಬ್ಬರು ಇದ್ದಿದ್ದರೆ ಎಷ್ಟು ಸುಲಭವಿತ್ತು! ತಗ್ಗಿನಿಂದ ಎಲ್ಲರ ನೀರು ಹೋಗುತ್ತದೆಂದು ಇವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೇಳಬೇಕಾದವಳು ನಾನಾಗಿದ್ದೆ. ಬಸ್ಸು ಬಂತು. ಅವರು ಅಲ್ಲೇ ನಿಂತಿದ್ದರು, ನಾನು ಹತ್ತಿದೆ.

ಆಗಸ್ಟ್ 29, ಶುಕ್ರವಾರ

ಕಾರಣ ಕೇಳಿ ನೋಟಿಸ್. ಏಳು ದಿನದಲ್ಲಿ ಉತ್ತರಿಸಬೇಕು.

ಸೆಪ್ಟೆಂಬರ್ 9, ಮಂಗಳವಾರ

ಅಮಾನತು.

ಸೆಪ್ಟೆಂಬರ್ 14, ಭಾನುವಾರ

ಆಯಿ ಫೋನಿನಲ್ಲಿ ಅತ್ತಳು. ಕಾರವಾರಕ್ಕೆ ವರ್ಗವಾಗುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತಂತೆ, ಯಾರೋ ಹೇಳಿದರಂತೆ. "ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಮನೆಗೆ ಬಂದು ಬಿಡುತ್ತಿದ್ದೆಯಲ್ಲ ಗೊ ಮಗಳೇ," ಎಂದಳು. ಇವತ್ತು ಹೊಳೆ ಇಳಿಯುವುದು ಹನ್ನೊಂದೂವರೆಗೆ. ತೂಬಿನ ಹತ್ತಿರ ನೀರು ಎಷ್ಟಿರಬಹುದು?

ಸೆಪ್ಟೆಂಬರ್ 21, ಭಾನುವಾರ

ಮೊದಲಿನಿಂದ ಬರೆಯಬೇಕು, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ವಿಚಾರಣೆಗೆ ಉತ್ತರ ತಯಾರಿಸಲೆಂದು ಲ್ಯಾಪ್‌ಟಾಪಿನಲ್ಲಿ ನನ್ನ ಹಳೆಯ ವರದಿಗಳ ಪ್ರತಿ ತೆಗೆದೆ. ‘ಅಕ್ಕಪಕ್ಕದ ಜಮೀನುಗಳಿಗೆ ಬಾಧಕವಿರುವುದಿಲ್ಲ’ ಎಂಬ ವಾಕ್ಯ ಹುಡುಕಿದೆ. ಯಾವ ವರದಿಯಿಂದ ಎತ್ತಿದ್ದೆ ಎಂದು ತಿಳಿಯಲಿಕ್ಕೆ.

ಕೊಡ್ಲಕೇರಿಯದು ಬಿಟ್ಟು ನಲವತ್ತೊಂದು ಕಡೆ ಸಿಕ್ಕಿತು. ಎರಡು ವರ್ಷದಲ್ಲಿ ನಲವತ್ತೊಂದು ವರದಿ. ಅಂಗಡಿ, ಗೋದಾಮು, ಗ್ಯಾರೇಜು, ಲಾಡ್ಜು. ಒಂದರಲ್ಲೂ ಅಕ್ಕಪಕ್ಕದವರ ಹೆಸರಿಲ್ಲ. ಒಂದು ಕಡೆಯೂ ಅಕ್ಕಪಕ್ಕಕ್ಕೆ ನಾನು ಹೋಗಿಲ್ಲ.

ಕೊಡ್ಲಕೇರಿ ಒಂದು ತಪ್ಪು ಎಂದುಕೊಂಡಿದ್ದೆ. ಅದೊಂದು ನನಗೆ ಕಂಡ ತಪ್ಪು, ಅಷ್ಟೆ.

ಪಪ್ಪಾನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಅವನು, "ವಿಳಾಸ ಇದೆಯಾ?" ಎಂದ. ಇವತ್ತು ಬೆಳಿಗ್ಗೆ ಸ್ಕೂಟರ್ ತಗೊಂಡು ಕಾರವಾರದಿಂದ ಅಂಕೋಲೆಗೆ ಬಂದ. ಹೆಲ್ಮೆಟ್ ತೆಗೆಯದೆ, "ಹತ್ತು," ಎಂದ.

ನಾಲ್ಕು ಕಡೆ ಹೋದೆವು. ಮೊದಲನೆಯ ಕಡೆ ಏನೂ ಆಗಿರಲಿಲ್ಲ, ಪಕ್ಕದ ಮನೆಯಾಕೆ ನಾವು ಯಾರೆಂದು ತಿಳಿಯದೆ ಚಹಾ ಕೊಟ್ಟಳು. ಎರಡನೆಯ ಕಡೆ ಗೋದಾಮಿನ ಅಂಗಳಕ್ಕೆ ಕಾಂಕ್ರೀಟು ಹಾಕಿದ ಮೇಲೆ ಮಳೆನೀರು ಹಿಂದಿನ ಮನೆಯ ಕೊಟ್ಟಿಗೆಗೆ ನುಗ್ಗುತ್ತದೆ. ಮೂರನೆಯ ಕಡೆ ಜಾಗ ಖಾಲಿ, ಹುಲ್ಲು ಬೆಳೆದಿದೆ. ನಾಲ್ಕನೆಯದು ಗ್ಯಾರೇಜು. ಅದರ ಹಿಂದೆ ಲತಾ ಎಂಬವರ ಮನೆ, ಮೀನು ಮಾರುವವರು. ಬಾವಿ ಚೆನ್ನಾಗಿದೆಯೇ ಎಂದು ಕೇಳಿದೆ.

ಅವರು ಕೊಡಪಾನ ಇಳಿಸಿ ನೀರು ಸೇದಿ ನನ್ನ ಕಾಲ ಬಳಿ ಇಟ್ಟರು. ನೀರಿನ ಮೇಲೆ ಬಣ್ಣಬಣ್ಣದ ತೆಳು ಪರದೆ ಅಲ್ಲಾಡುತ್ತಿತ್ತು. ಪಪ್ಪಾ ಬಗ್ಗಿ ಮೂಸಿ ಮುಖ ತಿರುಗಿಸಿದ.

"ವರ್ಷ ಆಯ್ತು," ಎಂದರು ಲತಾ. "ಕುಡೂಕೆ ರಸ್ತಿ ನಲ್ಲಿಯಿಂದ ಹೊರ್ತೇನೆ. ಯಾರೂ ಬಂದು ಕೇಳ್ಲಿಲ್ಲ. ನೀವೇ ಮೊದ್ಲು."

ನೀವೇ ಮೊದಲು! ಈ ಮಾತನ್ನು ನಾನು ಹೇಗೆ ತಡೆದುಕೊಂಡೆನೋ. ಇಲ್ಲೂ ಹೇಳಿದೆ, ಬರೆದವಳು ನಾನು ಎಂದು. ಲತಾ ಕೊಡಪಾನದ ನೀರನ್ನು ಅಂಗಳಕ್ಕೆ ಚೆಲ್ಲಿದರು. ನನ್ನ ಕಾಲಿಗೆ ಹಾರಿತು. ಬೇಕೆಂದೇ ಚೆಲ್ಲಿದರೋ ಗೊತ್ತಿಲ್ಲ.

ಇಳಿಸುವಾಗ ಪಪ್ಪಾ, "ಇನ್ನೂ ಮೂವತ್ತೇಳು. ಮುಂದಿನ ಭಾನುವಾರ ಬೇಗ ಬರುತ್ತೇನೆ," ಎಂದ.

ಅಕ್ಟೋಬರ್ 16, ಗುರುವಾರ

ಜಂಟಿ ಪರಿಶೀಲನೆ. ಕಾರವಾರದಿಂದ ದೊಡ್ಡ ಸಾಹೇಬರು, ಕೃಷಿ ಇಲಾಖೆಯವರು, ಅಳತೆಯವರು. ಮಂಗೇಶ, ನಿತಿನ, ಹನ್ನೊಂದು ಮನೆಯವರು. ಹೇಳಿಕೆ ಕೊಡಲು ನನಗೂ ಕರೆ ಬಂದಿತ್ತು. ಒಡ್ಡಿನ ಮೇಲೆ ಎಲ್ಲರಿಗಿಂತ ಹಿಂದೆ ನಿಂತೆ. ಆಗಸ್ಟಿನ ಮೇಲೆ ಮೊದಲ ಸಲ ನಾಗಕ್ಕನನ್ನು ನೋಡಿದ್ದು. ಅವರು ನನ್ನನ್ನು ನೋಡಲಿಲ್ಲ.

ಬೊಮ್ಮಣ್ಣ ಮತ್ತು ಇನ್ನು ಮೂವರ ಗದ್ದೆಗಳು ಎತ್ತರದಲ್ಲಿವೆ. ಅಲ್ಲಿ ಕಗ್ಗ ಎದೆಯುದ್ದ ಬೆಳೆದು ಕೆಂಪಾಗಿತ್ತು. ಉಳಿದ ಏಳು ಮನೆಯವರದು ಕಪ್ಪು ಕೆಸರು. ನಾಗಕ್ಕನದೂ ಅದರಲ್ಲಿ. ಇದನ್ನು ಕೇಳಿ ತಿಳಿದಿದ್ದೆ. ಕಣ್ಣಾರೆ ನೋಡಿದ್ದು ಇವತ್ತು. ಜುಲೈನಲ್ಲಿ ಗಾಳಿಗೆ ಮಲಗಿ ಎದ್ದ ಜಾಗ ಇದೇ.

ಹೊಳೆ ಇಳಿದಾಗ ಹಲಗೆ ಎತ್ತಿಸಿದರು. ತೂಬಿನ ಹತ್ತಿರದ ನೀರು ಜುಳುಜುಳು ಹೊರಟು ಹೋಯಿತು. ಮಣ್ಣಿನ ಹಿಂದಿನ ನೀರು ಕದಲಲಿಲ್ಲ. ದೊಡ್ಡ ಸಾಹೇಬರು ಅರ್ಧ ಗಂಟೆ ನೋಡುತ್ತ ನಿಂತರು. ಆಮೇಲೆ ನಾಗಕ್ಕನನ್ನು ಮುಂದೆ ಕರೆದು ಕೇಳಿದರು, "ಈ ಮೇಡಂ ಮಾರ್ಚಿನಲ್ಲಿ ಇಲ್ಲಿಗೆ ಬಂದಿದ್ದರಾ?"

"ಬಂದಿತ್ತು."

"ನೀವು ನೋಡಿದಿರಾ?"

"ನೋಡ್ದೆ. ಅಲ್ಲಿ ನಿಂತಿತ್ತು. ನಾ ಇಲ್ಲಿ ಬಲೆ ಎಳೀತಿದ್ದೆ. ನನ್ನ ಕೇಳ್ಲಿಲ್ಲ."

"ಮತ್ತೆ?"

"ಮತ್ತೆಂತದೂ ಇಲ್ಲ. ಕೇಳ್ಲಿಲ್ಲ. ಅಷ್ಟೇ. ಆಮೇಲೆ ಬಂದು ಅದೇ ಹೇಳ್ತು, ತಾನೇ ಬರ್ದದ್ದು ಅಂತ. ಅದನ್ನೂ ಬರ್ಕಳಿ."

ಬರೆದುಕೊಂಡರು. ಓದಿ ಹೇಳಿದರು. ನಿಜವೇ ಎಂದು ನನ್ನನ್ನು ಕೇಳಿದರು. ಪ್ರತಿಯೊಂದು ಮಾತೂ ನಿಜ ಎಂದೆ. ನಾಗಕ್ಕನ ಹೆಬ್ಬೆಟ್ಟಿನ ಕೆಳಗೆ ನಾನು ಸಹಿ ಹಾಕಿದೆ. ಮಸಿ ಇನ್ನೂ ಹಸಿ ಇತ್ತು.

ಹೊರಡುವಾಗ ನಿತಿನ ಅಪ್ಪನ ಭುಜ ಹಿಡಿದು ರಸ್ತೆಗೆ ಹತ್ತಿಸುತ್ತಿದ್ದ. ಮಂಗೇಶ ಈ ಕೆಲವು ತಿಂಗಳಲ್ಲಿ ಮುದುಕರಾಗಿದ್ದಾರೆ.

ನವೆಂಬರ್ 20, ಗುರುವಾರ

ಬೆಳಿಗ್ಗೆ ಕಾಮಿಯ ಫೋನು. "ಅತ್ತೆ ಕರೀತದೆ. ಪೆನ್ನು ಕಾಗದ ತಕಂಡು ಬರೂಕೆ ಹೇಳ್ಯದೆ." ಇನ್ನೇನೂ ಹೇಳದೆ ಇಟ್ಟಳು.

ಹತ್ತರ ಬಸ್ಸಿಗೆ ಹೋದೆ. ಜಗಲಿಯಲ್ಲಿ ಏಳು ಮನೆಯ ಹೆಂಗಸರು ಕೂತಿದ್ದರು. ನಾಗಕ್ಕನ ಕೈಯಲ್ಲಿ ಆದೇಶದ ಪ್ರತಿ. ಯಾರಿಂದಲೋ ಓದಿಸಿದ್ದರಂತೆ, ಅರ್ಥವಾಗಲಿಲ್ಲವಂತೆ. ನಾನು ಓದಿದೆ. ಮಣ್ಣು ತುಂಬುವ ಕೆಲಸವನ್ನು ಮುಂದಿನ ಆದೇಶದವರೆಗೆ ನಿಲ್ಲಿಸತಕ್ಕದ್ದು. ರಸ್ತೆಗೆ ತಾಗಿದ ಭಾಗದಲ್ಲಿ ಮಾತ್ರ ವಾಣಿಜ್ಯ ಉಪಯೋಗಕ್ಕೆ ಅವಕಾಶ. ನೀರು ಹರಿಯುವ ತಗ್ಗನ್ನು ತೆರವುಗೊಳಿಸುವ ಬಗ್ಗೆ ಪರಿಶೀಲಿಸತಕ್ಕದ್ದು.

"ಪರಿಶೀಲಿಸೂದು ಅಂದ್ರೆ ಯಾವಾಗ?" ನಾಗಕ್ಕ ಕೇಳಿದರು.

"ದಿನ ಹಾಕಿಲ್ಲ."

"ನಾನೂ ಅದನ್ನೇ ಕೇಳೂದು. ಮೇ ತಿಂಗಳೊಳಗೆ ಆ ತಗ್ಗು ತೆಗೀದೇ ಹೋದ್ರೆ ಬಪ್ಪ ವರ್ಷವೂ ಇಲ್ಲ. ನಮ್ಮ ಏಳು ಮನೆ ಬೀಜ ಹೋಗ್ಯದೆ. ಬೊಮ್ಮು ತನ್ನ ಭತ್ತದಾಗೆ ಬೀಜಕ್ಕೆ ಇಟ್ಟು ಕೊಡ್ತೇನೆ ಅಂದಾನೆ. ಬೀಜ ಇಟ್ಕಂಡು ಎಂತ ಮಾಡೂದು, ನೀರು ಹೋಗ್ದೇ ಹೋದ್ರೆ? ಅರ್ಜಿ ಬರೀಬೇಕು. ನಿಂಗೆ ಬರಿಯೂಕೆ ಬತ್ತದಲ್ಲ. ಬರಿ."

ದನಿಯಲ್ಲಿ ಕರುಣೆ ಇರಲಿಲ್ಲ. ಸಿಟ್ಟೂ ಇರಲಿಲ್ಲ. ಕೆಲಸ ಹೇಳುವವರ ದನಿ. ನಾನು ಅಮಾನತಿನಲ್ಲಿದ್ದೇನೆ, ನನ್ನ ಕೈಬರಹ ಗುರುತಿಸಿದರೆ ಇನ್ನೊಂದು ನೋಟಿಸ್ ಬಂದೀತು ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಚಾಪೆಯ ಮೇಲೆ ಕೂತು ಕಾಗದ ತೊಡೆಯ ಮೇಲಿಟ್ಟುಕೊಂಡೆ.

ಮೊದಲ ಪ್ಯಾರಾ ಬರೆದೆ. "ಓದು," ಎಂದರು. ಓದಿದೆ: "ಸದರಿ ಜಮೀನಿನಲ್ಲಿ ಅನಾದಿಕಾಲದಿಂದ ಸಾಗುವಳಿ ನಡೆಯುತ್ತಿದ್ದು..."

"ಸದರಿ ಅಂದ್ರೆ ಎಂತದು?"

"ಅಂದರೆ... ಇದೇ ಗದ್ದೆ."

"ನಮ್ಮ ಗದ್ದಿ ಅಂತ ಬರಿ ಮತ್ತೆ. ಅನಾದಿಕಾಲ ಅಂದ್ರೆ ಯಾವ ಕಾಲ? ನನ್ನ ಅಜ್ಜನ ಕಾಲದಿಂದ. ಅಜ್ಜನ ಹೆಸ್ರೂ ಬರಿ."

ಹೊಡೆದು ಹಾಕಿ ಮತ್ತೆ ಬರೆದೆ. ಮತ್ತೆ ಓದಿಸಿದರು. ಹೆಂಗಸರೆಲ್ಲ ಬಗ್ಗಿ ಕೇಳಿದರು. ಒಬ್ಬರು ತೂಬಿನ ವಿಷಯ ಹೇಳಿದರು, ಇನ್ನೊಬ್ಬರು ಶೆಟ್ಲಿಯ ವಿಷಯ. ಬೇಸಿಗೆಯಲ್ಲಿ ಯಾಕೆ ನೀರು ಇರುತ್ತದೆ ಎಂಬುದಕ್ಕೇ ಒಂದು ಪ್ಯಾರಾ ಬೇಕೆಂದು ಕಾಮಿ ಹಟ ಹಿಡಿದಳು. "ಇನ್ನೊಬ್ರು ಯಾರಾದ್ರೂ ಮಾರ್ಚ್ ತಿಂಗಳಾಗೆ ಬಂದ್ರೆ?" ಎಂದಳು. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಬರೆದೆ.

ಮೂರನೇ ಸಲ ಓದಿದಾಗ ನಾಗಕ್ಕ ‘ಸುಮಾರು ಹನ್ನೊಂದು ಮನೆ’ ಎಂಬಲ್ಲಿ ತಡೆದರು. ಸುಮಾರು ಯಾಕೆ, ನಾವು ಎಣಿಸಿಲ್ಲವೇ ಎಂದರು. ತೆಗೆದೆ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಸರಿದಿತ್ತು. ನನ್ನ ಗಂಟಲು ಒಣಗಿತ್ತು. ಕಾಮಿ ಚೊಂಬಿನಲ್ಲಿ ನೀರು ತಂದಿಟ್ಟಳು, ಕುಡಿದು ನಾಲ್ಕನೇ ಸಲ ಮೊದಲಿನಿಂದ ಓದಿದೆ.

ಕೊನೆಯ ಸಾಲಿನವರೆಗೆ ನಾಗಕ್ಕ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೆಬ್ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು.

"ಹಾಂ. ಈಗ ಹೌದು. ಮಸಿ ಹಚ್ಚು."